ಎಂಟು ಮೀಟರ್ ಬಾಕಿ ಇರುವಾಗ ಗೈಡ್ ಹಿಂದಕ್ಕೆ ಕರೆದುಕೊಂಡು ಬಂದರು: ಸ್ಕೈ ದ್ವೀಪದ ಕೂಲಿನ್ ಬೆಟ್ಟದಲ್ಲಿ ನನಗಾದದ್ದು

ಶರಾವತಿ ತೀರದವಳು

ಮೂರು ವಾರದಿಂದ ಮನಸ್ಸಿನಲ್ಲೇ ಕುದಿಯುತ್ತಿದೆ. ಈ ಚರ್ಚಾ ವೇದಿಕೆಯಲ್ಲಿ ಬೆಟ್ಟ ಹತ್ತಿದವರು ಬಹಳ ಮಂದಿ ಇರುವುದರಿಂದ ಕೇಳಿಯೇಬಿಡುತ್ತೇನೆ.

ನಾನು ಹೊಸನಗರದ ಕಡೆಯವಳು, ಆರು ವರ್ಷದಿಂದ ಗ್ಲಾಸ್ಗೋದಲ್ಲಿ ಕೆಲಸದಲ್ಲಿದ್ದೇನೆ. ಸೆಪ್ಟೆಂಬರಿನಲ್ಲಿ ಸ್ಕಾಟ್ಲೆಂಡಿನ ಸ್ಕೈ ದ್ವೀಪಕ್ಕೆ ಹೋಗಿ, ಅಲ್ಲಿನ ಕೂಲಿನ್ ಎಂಬ ಕಪ್ಪು ಕಲ್ಲಿನ ಪರ್ವತಸಾಲಿನಲ್ಲಿ ಒಂದು ಶಿಖರ ಹತ್ತಲು ಗೈಡ್ ಒಬ್ಬರನ್ನು ಗೊತ್ತು ಮಾಡಿಕೊಂಡಿದ್ದೆ. ಬೆಟ್ಟದ ಹೆಸರು ಸ್ಗೂರ್ ಜೆರಗ್, ಅಂದರೆ ಕೆಂಪು ಶಿಖರ. ಅದರ ನೆತ್ತಿ 978 ಮೀಟರ್. ಆದರೆ ನಿಜವಾದ ತುದಿ ಅದಲ್ಲ. ನೆತ್ತಿಯ ಪಕ್ಕದಲ್ಲೇ, ಹಲಗೆಯೊಂದನ್ನು ಅಂಚಿನ ಮೇಲೆ ನಿಲ್ಲಿಸಿದ ಹಾಗೆ, ಒಂದು ಬಂಡೆ ಎದ್ದು ನಿಂತಿದೆ. ಇಂಗ್ಲಿಷಿನವರು ಅದನ್ನು ‘ಇನಾಕ್ಸೆಸಿಬಲ್ ಪಿನಾಕಲ್’, ಏರಲಾಗದ ಕೊಡಿ, ಎಂದು ಕರೆದರು. 1880ರಲ್ಲಿ ಪಿಲ್ಕಿಂಗ್ಟನ್ ಸಹೋದರರು ಅದನ್ನು ಏರಿಯೂ ಬಿಟ್ಟರು, ಹೆಸರು ಮಾತ್ರ ಹಾಗೆಯೇ ಉಳಿಯಿತು. ಈಗ ಎಲ್ಲರ ಬಾಯಲ್ಲೂ ಅದು ‘ಇನ್ ಪಿನ್’. ತುದಿ 986 ಮೀಟರ್. ಸ್ಕಾಟ್ಲೆಂಡಿನಲ್ಲಿ 3,000 ಅಡಿ ದಾಟಿದ 282 ಶಿಖರಗಳಿಗೆ ಮನ್ರೋ ಎನ್ನುತ್ತಾರೆ, ಅವುಗಳನ್ನೆಲ್ಲ ಹತ್ತಿ ಮುಗಿಸುವ ಹುಚ್ಚು ಇಲ್ಲಿ ಓಣಿಗೊಬ್ಬರಿಗಿದೆ, ನನಗೂ ತಗುಲಿದೆ. ಆ ಪಟ್ಟಿಯಲ್ಲಿ ಅತಿ ಕಷ್ಟದ್ದು ಇದೇ, ಸಾಮಾನ್ಯರು ಹಗ್ಗವಿಲ್ಲದೆ ಮುಟ್ಟಲಾಗದು.

ಬೆಳಿಗ್ಗೆ ಏಳಕ್ಕೆ ಗ್ಲೆನ್ ಬ್ರಿಟಲ್ ಕಣಿವೆಯಿಂದ ಹೊರಟೆವು. ನಾವು ಮೂವರು, ಗೈಡ್ ಒಬ್ಬರು. ದ್ವೀಪದಲ್ಲೇ ಹುಟ್ಟಿ ಬೆಳೆದವರು, ಅರವತ್ತರ ಹತ್ತಿರದವರು, ಮನೆಮಾತು ಗ್ಯಾಲಿಕ್. (ಗೇಲಿಕ್ ಎಂದರೆ ‘ಅದು ಐರ್ಲೆಂಡಿನವರದು’ ಎಂದು ಕೂಡಲೇ ತಿದ್ದುತ್ತಾರೆ.) ಮಳೆ ಹೊರಡುವಾಗಲೇ ಇತ್ತು. ನಮ್ಮ ಕಡೆಯ ಜಡಿಮಳೆಯಲ್ಲ, ಜರಡಿ ಹಿಡಿದಂತೆ ಬೀಳುವ ಸಣ್ಣ ಹನಿ. ಮಳೆಗಾಲದಲ್ಲಿ ಗದ್ದೆಯಂಚಿನಲ್ಲಿ ನಡೆದು ಶಾಲೆಗೆ ಹೋದ ನನಗೆ ಇದೊಂದು ಮಳೆಯೇ ಎಂದುಕೊಂಡೆ. ಆದರೆ ಆರುನೂರು ಮೀಟರ್ ದಾಟುತ್ತಿದ್ದಂತೆ ಅದು ಮೇಲಿನಿಂದ ಬೀಳುವುದನ್ನು ಬಿಟ್ಟು ಪಕ್ಕದಿಂದ ಬರತೊಡಗಿತು. ನೆತ್ತಿಯ ಕಲ್ಲುಗುಪ್ಪೆ ಮುಟ್ಟುವ ಹೊತ್ತಿಗೆ ನಿಂತರೆ ಗಾಳಿ ಒಂದು ಹೆಜ್ಜೆ ಸರಿಸುತ್ತಿತ್ತು. ಮಂಜು ಒಮ್ಮೆ, ಎಣಿಸಿ ನಾಲ್ಕು ಸೆಕೆಂಡು, ಹರಿಯಿತು. ಎದುರಿಗೇ ಇನ್ ಪಿನ್. ಕಪ್ಪಗೆ, ಒದ್ದೆಯಾಗಿ, ನಾನಂದುಕೊಂಡದ್ದಕ್ಕಿಂತ ಬಹಳ ತೆಳ್ಳಗೆ. ಅದರ ಬುಡದಲ್ಲಿ ಇನ್ನೊಂದು ತಂಡ ಕಾದು ನಿಂತಿತ್ತು.

ಗೈಡ್ ಹತ್ತು ನಿಮಿಷ ಏನೂ ಮಾತಾಡಲಿಲ್ಲ. ನಮ್ಮ ಮೂವರ ಕೈಗವಸು ಬಿಚ್ಚಿಸಿ ಬೆರಳು ನೋಡಿದರು. ಆಮೇಲೆ ‘ಇವತ್ತು ಬೇಡ’ ಎಂದರು. ಅಷ್ಟೇ. ಎಂಟು ಮೀಟರ್! ನಮ್ಮ ಮನೆಯ ಅಡಿಕೆ ಮರ ಅದಕ್ಕಿಂತ ಎತ್ತರವಿದೆ. ಹಣವನ್ನು ಪೂರ್ತಿ ಮೊದಲೇ ಕಟ್ಟಿಸಿಕೊಂಡಿದ್ದರು, ಹಿಂತಿರುಗಿಸಲಿಲ್ಲ. ಪಟ್ಟಿಯಲ್ಲಿ ಆ ಶಿಖರದ ಮುಂದೆ ಗುರುತು ಹಾಕುವ ಹಾಗೂ ಇಲ್ಲ.

ಗೈಡ್ ಮಾಡಿದ್ದು ಸರಿಯೇ? ಹಣ ಕೇಳುವುದು ನ್ಯಾಯವೇ?

ಪುಷ್ಪಗಿರಿ ಹುಚ್ಚ

ಅಕ್ಕ, ನಿಮಗೆ ಸ್ಪಷ್ಟವಾಗಿ ಮೋಸವಾಗಿದೆ. ನಾನು ಕುಮಾರ ಪರ್ವತವನ್ನು ಏಳು ಸಲ ಹತ್ತಿದ್ದೇನೆ. 1,712 ಮೀಟರ್, ಸುಬ್ರಹ್ಮಣ್ಯದ ಬದಿಯಿಂದ. ಅದರಲ್ಲಿ ಎರಡು ಸಲ ಮಳೆಯಲ್ಲೇ, ಅರಣ್ಯ ಇಲಾಖೆಯವರು ಮಳೆಗಾಲದಲ್ಲಿ ದಾರಿ ಮುಚ್ಚುವ ಪದ್ಧತಿ ಇಷ್ಟು ಬಿಗಿಯಾಗುವ ಮೊದಲು. ಕೂಲಿನ್ ಸಾಲಿನ ಅತಿ ಎತ್ತರದ ಶಿಖರ 992 ಮೀಟರ್ ಎಂದು ಈಗ ನೋಡಿದೆ. ನಮ್ಮ ಮುಳ್ಳಯ್ಯನಗಿರಿಯ ಅರ್ಧದಷ್ಟು. ಅಷ್ಟಕ್ಕೆ ಗೈಡ್, ಅವರಿಗೆ ಹಣ, ಮೇಲೆ ‘ಇವತ್ತು ಬೇಡ’. ಕೆಲಸ ಮುಗಿಸದೆ ಕೂಲಿ ಕೇಳುವ ಮೇಸ್ತ್ರಿಯನ್ನು ನಾವು ಊರಿನಲ್ಲಿ ಬಿಡುತ್ತೇವೆಯೇ?

ಎಡಿನ್‌ಬರೋ ಭಟ್ಟ

ತಮ್ಮಾ ಪುಷ್ಪಗಿರಿ, ಸ್ವಲ್ಪ ತಾಳು. ಮುಳ್ಳಯ್ಯನಗಿರಿಯ ನೆತ್ತಿಯ ಹತ್ತಿರದವರೆಗೆ ಕಾರು ಹೋಗುತ್ತದೆ. ಸ್ಗೂರ್ ಜೆರಗ್ ಹತ್ತುವವರು ಸಮುದ್ರದ ದಂಡೆಯಿಂದ ಹೊರಡುತ್ತಾರೆ, ಹತ್ತಿದ ಮೀಟರನ್ನೆಲ್ಲ ಕಾಲಿನಲ್ಲೇ ತೆರಬೇಕು. ಮೀಟರನ್ನು ಮೀಟರಿಗೆ ಹೋಲಿಸಿ ಬೆಟ್ಟ ಅಳೆಯಬಾರದು.

ನಾನು ಹತ್ತೊಂಬತ್ತು ವರ್ಷದಿಂದ ಇಲ್ಲಿದ್ದೇನೆ, ಇನ್ ಪಿನ್ ಹತ್ತಲು ಮೂರು ಸಲ ಹೋಗಿ ಒಂದು ಸಲ ಹತ್ತಿದ್ದೇನೆ. ಹಾಗಾಗಿ ಆ ಎಂಟು ಮೀಟರಿನ ಲೆಕ್ಕ ಬಿಡಿಸಿ ಹೇಳುತ್ತೇನೆ.

ನೆತ್ತಿಗೂ ಕೊಡಿಗೂ ಎತ್ತರದ ವ್ಯತ್ಯಾಸ ಎಂಟು ಮೀಟರ್, ನಿಜ. ಆದರೆ ಸಾಮಾನ್ಯವಾಗಿ ಯಾರೂ ಆ ಕಡೆಯಿಂದ ನೇರ ಹತ್ತುವುದಿಲ್ಲ. ಮೊದಲು ಬಂಡೆಯ ಬದಿಯ ಇಳಿಜಾರಿನಲ್ಲಿ ಸಡಿಲ ಕಲ್ಲಿನ ಮೇಲೆ ಕೆಳಗಿಳಿದು ಅದರ ಪೂರ್ವದ ಬುಡಕ್ಕೆ ಹೋಗಬೇಕು. ಅಲ್ಲಿಂದ ಕತ್ತಿಯ ಅಂಚಿನಂತಹ ಏಣಿನ ಮೇಲೆ ಐವತ್ತು ಅರವತ್ತು ಮೀಟರ್ ಏರಬೇಕು. ಹಿಡಿಗಳು ದೊಡ್ಡವೇ, ಏರುವುದು ಅಷ್ಟು ಕಷ್ಟವಲ್ಲ. ಎರಡೂ ಕಡೆ ಏನೂ ಇಲ್ಲದಿರುವುದೇ ಕಷ್ಟ. ತುದಿ ಮುಟ್ಟಿದ ಮೇಲೆ ಬಂದ ದಾರಿಯಲ್ಲಿ ಇಳಿಯುವ ಹಾಗಿಲ್ಲ, ಹಿಂದೆ ಬೇರೆಯವರು ಏರುತ್ತಿರುತ್ತಾರೆ. ಪಶ್ಚಿಮದ ಕಡೆ ಹಗ್ಗ ಬಿಟ್ಟು ಸುಮಾರು ಹದಿನೆಂಟು ಮೀಟರ್ ಜಾರಿ ಇಳಿಯಬೇಕು. ಗಾಳಿಯಲ್ಲಿ ಆ ಹಗ್ಗ ಕೆಳಗೆ ಬೀಳುವುದಿಲ್ಲ, ಒಗೆದ ಸೀರೆಯ ಹಾಗೆ ಅಡ್ಡಕ್ಕೆ ಹಾರಿ ಎಲ್ಲೋ ಬಿರುಕಿನಲ್ಲಿ ಸಿಕ್ಕಿಕೊಳ್ಳುತ್ತದೆ. ಆಗ ನೀವು ಮೇಲೆಯೂ ಇರಲಾರಿರಿ, ಕೆಳಗೂ ಬರಲಾರಿರಿ.

ಮುಂದೆ ಇನ್ನೊಂದು ತಂಡ ಕಾದಿತ್ತು ಎಂದಿರಲ್ಲ, ಗೈಡ್ ಆ ಹತ್ತು ನಿಮಿಷದಲ್ಲಿ ಲೆಕ್ಕ ಹಾಕಿದ್ದು ಅದನ್ನೇ ಎಂದು ನನ್ನ ಊಹೆ. ಪ್ರತಿ ನೂರು ಮೀಟರಿಗೆ ಉಷ್ಣತೆ ಅರ್ಧ ಡಿಗ್ರಿಗಿಂತ ತುಸು ಹೆಚ್ಚೇ ಇಳಿಯುತ್ತದೆ. ಕಣಿವೆಯಲ್ಲಿ ಹನ್ನೊಂದಿದ್ದರೆ ಮೇಲೆ ಐದು. ಐದು ಡಿಗ್ರಿಯಲ್ಲಿ ಗಂಟೆಗೆ ಅರವತ್ತು ಕಿಲೋಮೀಟರ್ ಗಾಳಿ ಬೀಸಿದರೆ ಮೈಗೆ ಅದು ಸೊನ್ನೆಗಿಂತ ಎರಡು ಡಿಗ್ರಿ ಕೆಳಗಿನ ಚಳಿ. ಮೈ ಒದ್ದೆಯಿದ್ದರೆ ಇನ್ನೂ ಕೆಟ್ಟದು. ನಡೆಯುತ್ತಿರುವಾಗ ಗೊತ್ತಾಗುವುದಿಲ್ಲ. ಬಂಡೆಯ ಬುಡದಲ್ಲಿ ಸರದಿಗಾಗಿ ಒಂದು ಗಂಟೆ ಅಲುಗಾಡದೆ ನಿಂತಾಗ ಗೊತ್ತಾಗುತ್ತದೆ. ಮೊದಲು ಬೆರಳು ಗಂಟು ಬಿಚ್ಚಲಾರದು, ಆಮೇಲೆ ನಾಲಿಗೆ ತೊದಲುತ್ತದೆ, ಆಮೇಲೆ ಆ ಮನುಷ್ಯ ‘ನನಗೇನೂ ಆಗಿಲ್ಲ’ ಎನ್ನತೊಡಗುತ್ತಾನೆ. ಆ ಮಾತಿಗೇ ಗೈಡ್‌ಗಳು ಹೆದರುವುದು. ನಿಮ್ಮ ಬೆರಳು ನೋಡಿದ್ದು ಸುಮ್ಮನೆ ಅಲ್ಲ.

ಇನ್ನೊಂದು ವಿಷಯ. ಈ ದೇಶದಲ್ಲಿ ಗುಡ್ಡ ನಡೆಸುವ ಸಾಮಾನ್ಯ ಅರ್ಹತೆ ಇದ್ದವರು ಇನ್ ಪಿನ್‌ಗೆ ಕರೆದೊಯ್ಯುವ ಹಾಗಿಲ್ಲ. ಮೊದಲೇ ತಿಳಿದು ಹಗ್ಗ ಬಳಸುವ ಕಡೆಗೆ ಅದಕ್ಕೂ ಮೇಲಿನ, ಬಂಡೆ ಹತ್ತಿಸುವ ಅರ್ಹತೆ ಬೇಕು. ಅದಕ್ಕೆ ವರ್ಷಗಟ್ಟಲೆ ಬೇಕಾಗುತ್ತದೆ. ನೀವು ಹಣ ಕೊಟ್ಟದ್ದು ತುದಿಗಲ್ಲ, ಆ ಹತ್ತು ನಿಮಿಷಕ್ಕೆ.

ಪುಷ್ಪಗಿರಿ ಹುಚ್ಚ

ಭಟ್ಟರೇ, ಚೆನ್ನಾಗಿ ಹೇಳಿದಿರಿ. ಆದರೆ ಬೆಳಿಗ್ಗೆಯೇ ಹವಾಮಾನ ಗೊತ್ತಿತ್ತಲ್ಲ? ಗೊತ್ತಿದ್ದೂ ಹೊರಟು, ಮೇಲೆ ಹೋಗಿ ಬೇಡ ಎನ್ನುವುದು ವ್ಯಾಪಾರ. ಕೆಳಗೇ ಬೇಡ ಎಂದಿದ್ದರೆ ಹಣ ವಾಪಸು ಕೊಡಬೇಕಾಗುತ್ತಿತ್ತು.

ಎಡಿನ್‌ಬರೋ ಭಟ್ಟ

ಮಾತಿನಲ್ಲಿ ಹುರುಳಿದೆ, ಒಪ್ಪಿದೆ. ಇಲ್ಲಿ ಬೆಟ್ಟಗಳಿಗೇ ಪ್ರತ್ಯೇಕ ಹವಾಮಾನ ವರದಿ ದಿನವೂ ಬರುತ್ತದೆ. ಮನ್ರೋಗಳ ನೆತ್ತಿ ಮೋಡದಿಂದ ಹೊರಗಿರುವ ಸಂಭವ ಶೇಕಡಾ ಎಷ್ಟು ಎಂದು ಅದರಲ್ಲಿ ಒಂದು ಸಾಲೇ ಇರುತ್ತದೆ. ಶೇಕಡಾ 20 ಎಂದಿದ್ದ ದಿನ ನಾನು ಬಿಸಿಲು ಕಂಡದ್ದುಂಟು, 80 ಎಂದಿದ್ದ ದಿನ ನನ್ನ ಬೂಟು ನನಗೇ ಕಾಣದ್ದುಂಟು. ಕಣಿವೆಯಲ್ಲಿ ನಿಂತು ಕೂಲಿನ್ ಬಗ್ಗೆ ತೀರ್ಪು ಕೊಡುವವರು ವರ್ಷದಲ್ಲಿ ಬಹಳ ದಿನ ಮನೆಯಲ್ಲೇ ಕೂರಬೇಕಾಗುತ್ತದೆ.

ಶರಾವತಿ ತೀರದವಳು

ಭಟ್ಟರೇ, ಹಗ್ಗ ಅಡ್ಡ ಹಾರುತ್ತದೆ ಎಂದು ಅವರೂ ಇಳಿಯುವಾಗ ಹೇಳಿದ್ದರು, ಸಿಟ್ಟಿನಲ್ಲಿ ನಾನೇ ಕಿವಿಗೆ ಹಾಕಿಕೊಂಡಿರಲಿಲ್ಲ.

ಬರೆಯುವಾಗ ಬಿಟ್ಟುಹೋದ ಒಂದು ಸಂಗತಿ ಇದೆ. ಇಳಿಯುವಾಗ ಮಂಜು ಎಷ್ಟಿತ್ತೆಂದರೆ ಮುಂದಿನವರ ಬೆನ್ನುಚೀಲದ ಬಣ್ಣ ಮಾತ್ರ ಕಾಣುತ್ತಿತ್ತು. ನನ್ನ ಹತ್ತಿರ ದಿಕ್ಸೂಚಿ ಇತ್ತು, ತೆಗೆದೆ. ಗೈಡ್ ನಕ್ಕು, ಅದನ್ನು ಒಂದು ಬಂಡೆಯ ಹತ್ತಿರ ಹಿಡಿಯಲು ಹೇಳಿದರು. ಮುಳ್ಳು ಗಿರಕಿ ಹೊಡೆದು ಬೇರೆಲ್ಲೋ ನಿಂತಿತು. ಎರಡು ಹೆಜ್ಜೆ ಆಚೆ ಹಿಡಿದರೆ ಉತ್ತರ ಇನ್ನೊಂದು ಕಡೆ. ಕೂಲಿನ್ ಕಲ್ಲಿನಲ್ಲಿ ಅಯಸ್ಕಾಂತದ ಗುಣ ಇದೆಯಂತೆ. ಹಾಗಾದರೆ ನಿಮಗೆ ದಾರಿ ಹೇಗೆ ತಿಳಿಯುತ್ತದೆ ಎಂದೆ. ‘ಹೆಸರುಗಳಿವೆಯಲ್ಲ’ ಎಂದರು.

ಹತ್ತುವಾಗಲೂ ಅವರು ಪ್ರತಿ ಜಾಗದ ಹೆಸರು ಹೇಳಿ ಅರ್ಥ ಹೇಳುತ್ತಿದ್ದರು. ಅಡ್ಡಿಯಿಲ್ಲ, ಪ್ರವಾಸಿಗರಿಗೆ ಹೇಳುವ ಕಥೆ ಎಂದುಕೊಂಡಿದ್ದೆ. ಈಗ ಅದು ಕೈಯಲ್ಲಿ ಹಿಡಿದ ದೀಪವಾಯಿತು. ಬಲಗಡೆ ಕೆಳಗೆ ನೀರಿನ ಸದ್ದು ಗಟ್ಟಿಯಾದಾಗ ‘ಎಸ್ ಮೋರ್’ ಎಂದರು, ದೊಡ್ಡ ಜಲಪಾತ ಎಂದು ಅರ್ಥ. ಅದು ಬಲಕ್ಕೆ ಇದ್ದರೆ ನಾವು ಸರಿಯಾದ ಏಣಿನ ಮೇಲಿದ್ದೇವೆ. ಎಡಕ್ಕಿರುವುದು ‘ಕೊರೆ ಲಾಗನ್’, ಕುಳಿಯ ಕಣಿವೆ, ಅತ್ತ ಹೋದರೆ ಪ್ರಪಾತ. ‘ಬ್ಯಾಲಖ್’ ಎಂದರೆ ಎರಡು ಶಿಖರಗಳ ನಡುವಿನ ದಾಟು, ನಮ್ಮ ಘಾಟಿ ಎನ್ನಬಹುದು, ಅಲ್ಲಿ ಗಾಳಿ ನುಗ್ಗುತ್ತದೆ. ‘ಸ್ಗೂರ್’ ಎಂದರೆ ಚೂಪು ಕಲ್ಲಿನ ತುದಿ, ‘ಮ್ಯಾಲ್’ ಎಂದರೆ ದುಂಡಗಿನ ಗುಡ್ಡ. ಹೆಸರು ಕೇಳಿದರೆ ಕಾಲಿಗೆ ಏನು ಸಿಗುತ್ತದೆ ಎಂದು ಗೊತ್ತಾಗುತ್ತದೆ.

ಆ ದ್ವೀಪಕ್ಕೇ ‘ಎಲೆನ್ ಅ ಹ್ಯೋ’ ಎಂಬ ಇನ್ನೊಂದು ಹೆಸರಿದೆ, ಮಂಜಿನ ದ್ವೀಪ. ಹವಾಮಾನ ವರದಿಯನ್ನು ಹೆಸರಿನಲ್ಲೇ ಬರೆದಿಟ್ಟಿದ್ದಾರೆ, ಓದದೆ ಹೋದದ್ದು ನಿಮ್ಮ ತಪ್ಪು ಎಂದು ತಮಾಷೆ ಮಾಡಿದರು. ಆಗ ನನಗೆ ನಗು ಬರಲಿಲ್ಲ.

ತೀರ್ಥಹಳ್ಳಿ ಮೇಷ್ಟ್ರು

ಬೆಟ್ಟ ಹತ್ತುವ ವಯಸ್ಸು ನನ್ನದಲ್ಲ, ಆದರೆ ಹೆಸರಿನ ವಿಷಯ ಬಂದುದರಿಂದ ಮೂಗು ತೂರಿಸುತ್ತೇನೆ. ತಂಗೀ, ಮಂಜಿಗೆ ಆ ಭಾಷೆಯಲ್ಲಿ ‘ಹ್ಯೋ’ ಎನ್ನುತ್ತಾರೆಯೇ? ನಾನು ಬೇರೆ ಕಡೆ ‘ಕ್ಯೋ’ ಎಂದು ಓದಿದ ನೆನಪು.

ಶರಾವತಿ ತೀರದವಳು

ಮೇಷ್ಟ್ರೇ, ಎರಡೂ ಸರಿ! ಬಿಡಿಯಾಗಿ ಹೇಳಿದರೆ ಕ್ಯೋ. ‘ಮಂಜಿನ’ ಎಂದಾಗ ಅದು ಹ್ಯೋ ಆಗುತ್ತದೆ. ಮೋರ್ ಎಂದರೆ ದೊಡ್ಡದು, ಆದರೆ ಕೆಲವು ಪದಗಳ ನಂತರ ಬಂದರೆ ವೋರ್. ಇನ್ನೂ ಮಜಾ ಎಂದರೆ ಜನರ ಹೆಸರು. ಇನ್ ಪಿನ್‌ನ ಪಕ್ಕದಲ್ಲೇ 948 ಮೀಟರಿನ ಒಂದು ಶಿಖರವಿದೆ, ಸ್ಗೂರ್ ವಿಕ್ ಖೋನ್ಯಿಖ್. ಬರೆಯುವುದನ್ನು ನೋಡಿದರೆ ಒಂದೂ ತಿಳಿಯುವುದಿಲ್ಲ. ಬಿಡಿಸಿದರೆ ಮಾಕ್ ಕೊನ್ಯಿಖ್, ಅಂದರೆ ಮೆಕೆಂಜಿ! ‘ಮೆಕೆಂಜಿಯ ಶಿಖರ’ ಎನ್ನುವಾಗ ಮಾಕ್ ಹೋಗಿ ವಿಕ್ ಆಯಿತು. ಚಾರ್ಲ್ಸ್ ಅಲ್ಲಿ ಚ್ಯಾರ್ಲಖ್, ಅವನ ಶಿಖರ ಸ್ಗೂರ್ ಹ್ಯಾರ್ಲಿಖ್.

ತೀರ್ಥಹಳ್ಳಿ ಮೇಷ್ಟ್ರು

ಆಹಾ! ಇದು ನಮ್ಮ ಮನೆಯ ಕಥೆಯಲ್ಲವೇ? ಬೆಟ್ಟ ಮತ್ತು ತಾವರೆ ಸೇರಿದರೆ ಬೆಟ್ಟದಾವರೆ. ಮಳೆ ಮತ್ತು ಕಾಲ ಮಳೆಗಾಲ. ಮೋರ್ ವೋರ್ ಆಗುವುದಂತೂ ಹಳಗನ್ನಡದ ಮೆಲ್ವಾತು: ಮೆಲ್ಲಗಿನ ಮಾತು, ಮಕಾರ ವಕಾರವಾಯಿತು. ಆದೇಶ ಸಂಧಿ ಎಂದು ಮೂವತ್ತು ವರ್ಷ ಪಾಠ ಹೇಳಿದ್ದೇನೆ.

ಆದರೆ ಒಂದು ಎಚ್ಚರ. ನಮ್ಮಲ್ಲಿ ಎರಡು ಪದ ಕೂಡಿದಾಗ ಬಾಯಿಯ ಅನುಕೂಲಕ್ಕೆ ಅಕ್ಷರ ಮೆತ್ತಗಾಗುತ್ತದೆ. ಅವರಲ್ಲಿ ಪದಗಳು ಬೇರೆ ಬೇರೆ ನಿಂತೇ ಇವೆ, ಆದರೂ ತಲೆಯ ಅಕ್ಷರ ಬದಲಾಗುತ್ತದೆ, ಮತ್ತು ಆ ಬದಲಾವಣೆಯೇ ವಿಭಕ್ತಿಯ ಕೆಲಸವನ್ನೂ ಅಷ್ಟಿಷ್ಟು ಮಾಡುತ್ತದೆ ಎಂದು ಕಾಣುತ್ತದೆ. ನಾವು ವಿಭಕ್ತಿಯನ್ನು ಪದದ ಬಾಲಕ್ಕೆ ಕಟ್ಟುತ್ತೇವೆ, ಅವರು ತಲೆಯನ್ನೂ ತಿರುವುತ್ತಾರೆ. ನಿಘಂಟಿನಲ್ಲಿ ಪದ ಹುಡುಕುವ ಹೊಸಬರ ಪಾಡು ದೇವರಿಗೇ ಪ್ರೀತಿ. ಮಕ್ಕಳು ಇದನ್ನು ಹೇಗೆ ಕಲಿಯುತ್ತಾರೋ?

ಕಡತಗಳ ನಡುವೆ

ಮೇಷ್ಟ್ರ ಕೊನೆಯ ಪ್ರಶ್ನೆಗೆ ಉತ್ತರ ಸಂತೋಷದ್ದಲ್ಲ. 1872ರ ಶಿಕ್ಷಣ ಕಾನೂನು ಸ್ಕಾಟ್ಲೆಂಡಿನ ಮಕ್ಕಳೆಲ್ಲರನ್ನೂ ಶಾಲೆಗೆ ಕಳುಹಿಸಿತು, ಆದರೆ ಗ್ಯಾಲಿಕ್ ಭಾಷೆಗೆ ಅದರಲ್ಲಿ ಜಾಗವೇ ಇರಲಿಲ್ಲ. ಅದಕ್ಕೂ ಮೊದಲೇ ಕುರಿ ಸಾಕಣೆಗಾಗಿ ಜಮೀನ್ದಾರರು ಒಕ್ಕಲೆಬ್ಬಿಸಿದ ಹಳ್ಳಿಗಳು, ಹಡಗು ಹತ್ತಿದ ಕುಟುಂಬಗಳು. 2022ರ ಜನಗಣತಿಯಲ್ಲಿ ಗ್ಯಾಲಿಕ್ ಒಂದಿಷ್ಟಾದರೂ ಬಲ್ಲವರು ಸುಮಾರು 1.3 ಲಕ್ಷ, ಜನಸಂಖ್ಯೆಯ ಶೇಕಡಾ 2.5. ಅದೂ ಹಿಂದಿನ ಗಣತಿಗಿಂತ ಹೆಚ್ಚು. ಸ್ಕೈ ದ್ವೀಪದ ತೆಂಕಣ ತುದಿಯಲ್ಲಿ 1973ರಲ್ಲಿ ಶುರುವಾದ ಸವಾಲ್ ಮೋರ್ ಓಸ್ತಗ್ ಕಾಲೇಜಿನಲ್ಲಿ ಗ್ಯಾಲಿಕ್ ಮಾಧ್ಯಮದಲ್ಲೇ ಪದವಿ ಓದಬಹುದು. ಹಳೆಯ ಹೊಲದ ಮನೆಯ ಕೊಟ್ಟಿಗೆಯಲ್ಲಿ ಆರಂಭವಾದ ಕಾಲೇಜು, ಸವಾಲ್ ಎಂದರೆ ಕಣಜ. 2025ರಲ್ಲಿ ಸ್ಕಾಟ್ಲೆಂಡಿನ ಸಂಸತ್ತು ಗ್ಯಾಲಿಕ್ ಭಾಷೆಗೆ ಅಧಿಕೃತ ಸ್ಥಾನ ಕೊಡುವ ಮಸೂದೆ ಅಂಗೀಕರಿಸಿತು.

ಆದರೆ ಶರಾವತಿ ತೀರದವರ ಬರಹದಲ್ಲಿ ಎಲ್ಲ ಹೆಸರೂ ಗ್ಯಾಲಿಕ್ ಎನ್ನುವ ಧಾಟಿ ಇದೆ, ಅದು ಅಷ್ಟು ಸರಿಯಲ್ಲ. ಸ್ಕೈ ಶತಮಾನಗಳ ಕಾಲ ನಾರ್ವೆಯ ಕಡಲಿಗರ ಕೈಯಲ್ಲಿತ್ತು. ಊರ ಹೆಸರಿನ ಕೊನೆಗೆ ‘ಬೋಸ್ಟ್’ ಬಂದರೆ ಅದು ಅವರ ಭಾಷೆಯ ‘ಹೊಲಮನೆ’. ವಿಸ್ಕಿಗೆ ಹೆಸರಾದ ಕಾರ್ಬೋಸ್ಟ್ ಅಂಥದ್ದೇ. ಕೂಲಿನ್ ಎಂಬ ಹೆಸರೇ ನಾರ್ಸ್ ಮೂಲದ್ದು, ಅಂದರೆ ಆ ಕಡಲಿಗರ ಭಾಷೆಯದು, ಎನ್ನುವವರಿದ್ದಾರೆ.

ಇನ್ನು ಆ ಶಿಖರಗಳ ಹೆಸರು. ಸ್ಗೂರ್ ಅಲಸ್ತರ್ ಎಂಬ 992 ಮೀಟರಿನ ಶಿಖರಕ್ಕೆ ಆ ಹೆಸರು ಬಂದದ್ದು 1873ರಲ್ಲಿ ಅದನ್ನು ಮೊದಲು ಏರಿದ ಅಲೆಕ್ಸಾಂಡರ್ ನಿಕಲ್ಸನ್ ಅವರಿಂದ. ಹಿಂದೆ ಊರವರು ಅದನ್ನು ಸ್ಗೂರ್ ಬಿರಖ್, ಮೊನಚು ಶಿಖರ, ಎನ್ನುತ್ತಿದ್ದರಂತೆ. ಚಾರ್ಲ್ಸ್ ಎಂದರೆ ಚಾರ್ಲ್ಸ್ ಪಿಲ್ಕಿಂಗ್ಟನ್, ಇಂಗ್ಲೆಂಡಿನವರು. ಹೀಗೆ ರಜೆಗೆ ಬಂದವರ ಹೆಸರಿಗೆ ಗ್ಯಾಲಿಕ್ ಅಂಗಿ ತೊಡಿಸಿ ‘ಪರಂಪರೆ’ ಎಂದು ಮಾರುವುದು ನನಗೆ ಸೇರುವುದಿಲ್ಲ. ಕುರಿ, ದನ ಮೇಯಿಸುವವರಿಗೆ ನೆತ್ತಿಯಲ್ಲಿ ಏನು ಕೆಲಸ? ಅವರು ಹುಲ್ಲಿರುವ ತಗ್ಗಿಗೆ, ನೀರಿರುವ ಹಳ್ಳಕ್ಕೆ, ದಾಟುವ ಕಣಿವೆಗೆ ಹೆಸರಿಟ್ಟರು. ಎಸ್ ಮೋರ್ ನಿಜವಾದ ಹೆಸರು, ಸ್ಗೂರ್ ಹ್ಯಾರ್ಲಿಖ್ ನಾಮಕರಣ.

ಎಡಿನ್‌ಬರೋ ಭಟ್ಟ

ಕಡತದವರೇ, ನಿಕಲ್ಸನ್ ಅವರನ್ನು ಪ್ರವಾಸಿಗರ ಪಂಕ್ತಿಯಲ್ಲಿ ಕೂರಿಸಬೇಡಿ. ಅವರು ಸ್ಕೈ ದ್ವೀಪದಲ್ಲೇ ಹುಟ್ಟಿದವರು. ನ್ಯಾಯಾಧೀಶರು, ಗ್ಯಾಲಿಕ್ ವಿದ್ವಾಂಸರು, 1881ರಲ್ಲಿ ಗ್ಯಾಲಿಕ್ ಗಾದೆಗಳ ದೊಡ್ಡ ಸಂಗ್ರಹ ಪ್ರಕಟಿಸಿದವರು. ಗೇಣಿದಾರರ ದೂರು ಕೇಳಲು 1883ರಲ್ಲಿ ನೇಮಕವಾದ ನೇಪಿಯರ್ ಆಯೋಗದಲ್ಲಿ ಅವರೂ ಸದಸ್ಯರು. ಆ ಆಯೋಗದ ಮೊದಲ ವಿಚಾರಣೆ ನಡೆದದ್ದೇ ಸ್ಕೈ ದ್ವೀಪದ ಬ್ರೇಸ್ ಎಂಬಲ್ಲಿ. ಹಿಂದಿನ ವರ್ಷ ಅಲ್ಲಿನ ಹೆಂಗಸರೂ ಗಂಡಸರೂ ಪೊಲೀಸರಿಗೆ ಕಲ್ಲು ಬೀಸಿದ್ದರು. ಮೂರು ವರ್ಷದ ಮೇಲೆ ಗೇಣಿ ಹಕ್ಕಿನ ಕಾನೂನು ಬಂತು.

ಜಾನ್ ಮೆಕೆಂಜಿ ಇನ್ನೂ ಹತ್ತಿರದವರು. ಬ್ರೇಸ್‌ನಿಂದ ಸ್ವಲ್ಪ ದೂರದ ಸ್ಕಾನ್ಸರ್‌ನ ತುಂಡು ಹಿಡುವಳಿಯ ರೈತ. ಹುಟ್ಟಿದ್ದು 1856ರಲ್ಲಿ. ಹತ್ತು ವರ್ಷದ ಹುಡುಗನಾಗಿದ್ದಾಗಲೇ ಕೂಲಿನ್ ಸಾಲಿನ ಸ್ಗೂರ್ ನನ್ ಗಿಲ್ಯನ್ ಎಂಬ ಶಿಖರ ಹತ್ತಿದವರು. ಬ್ರಿಟನ್ನಿನ ಮಣ್ಣಿನಲ್ಲೇ ಹುಟ್ಟಿ ಗೈಡ್ ಕೆಲಸವನ್ನೇ ವೃತ್ತಿ ಮಾಡಿಕೊಂಡವರಲ್ಲಿ ಮೊದಲಿಗರು, ಸುಮಾರು ಐವತ್ತು ವರ್ಷ ಅದೇ ಕೆಲಸ. ನಾರ್ಮನ್ ಕೋಲಿ ಎಂಬ ರಸಾಯನಶಾಸ್ತ್ರದ ಪ್ರಾಧ್ಯಾಪಕರು ಅವರ ಜೊತೆ ಹತ್ತಿ ಹತ್ತಿ, ಕೊನೆಗೆ ನಿವೃತ್ತರಾಗಿ ಸ್ಲಿಗಖನ್ ಊರಿಗೇ ಬಂದು ನೆಲೆಸಿದರು. ಮೆಕೆಂಜಿ 1933ರಲ್ಲಿ ತೀರಿಕೊಂಡರು, ಕೋಲಿ 1942ರಲ್ಲಿ. ಸ್ಟ್ರೂಅನ್ ಎಂಬಲ್ಲಿ ಇಬ್ಬರ ಸಮಾಧಿಯೂ ಅಕ್ಕಪಕ್ಕ. 2020ರಲ್ಲಿ ಸ್ಲಿಗಖನ್‌ನಲ್ಲಿ ಇಬ್ಬರ ಕಂಚಿನ ಪ್ರತಿಮೆ ನಿಂತಿತು, ಒಬ್ಬರು ಕುಳಿತು ಒಬ್ಬರು ನಿಂತು ಬೆಟ್ಟ ನೋಡುತ್ತಿದ್ದಾರೆ. ಪಟ್ಟಣದ ಪ್ರೊಫೆಸರಿಗೂ ಹಳ್ಳಿಯ ರೈತನಿಗೂ ಆ ಕಾಲದಲ್ಲಿ ಅಷ್ಟು ಸಲಿಗೆ ಹೇಗೆ ಬಂತು ಎಂದು ಆಶ್ಚರ್ಯಪಡುವವರು ಒಂದು ಸಲ ಒಂದೇ ಹಗ್ಗಕ್ಕೆ ಕಟ್ಟಿಸಿಕೊಂಡು ನೋಡಬೇಕು.

ಸಂಬಳದ ಗೈಡ್ ಒಬ್ಬರ ಹೆಸರು, ಅದೂ ಅವರ ಮನೆಮಾತಿನಲ್ಲಿ, ಶಿಖರಕ್ಕೆ ಉಳಿದಿದೆ. ಅದನ್ನು ‘ಅಂಗಿ’ ಎಂದು ತಳ್ಳಿಹಾಕಲು ನನಗೆ ಮನಸ್ಸಾಗುವುದಿಲ್ಲ.

ಕಡತಗಳ ನಡುವೆ

ಮೆಕೆಂಜಿಯ ವಿಷಯದಲ್ಲಿ ಸೋತೆ. ಪಿಲ್ಕಿಂಗ್ಟನ್ ವಿಷಯದಲ್ಲಿ ಇಲ್ಲ.

ಮೆಕೆಂಜಿ ಎಂದಾಗ ನೆನಪಾಯಿತು, ನಮ್ಮ ಕೆಲಸದ ಮೇಜಿನ ಮೇಲೆ ದಿನವೂ ಬರುವ ಹೆಸರದು. ಕಾಲಿನ್ ಮೆಕೆಂಜಿ. ಸ್ಕೈ ದ್ವೀಪಕ್ಕೆ ವಾಯವ್ಯದಲ್ಲಿರುವ ಲೂಯಿಸ್ ದ್ವೀಪದ ಸ್ಟೋರ್ನೋವೇ ಊರಿನವರು, 1754ರಲ್ಲಿ ಹುಟ್ಟಿದವರು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಮೈಸೂರು ಸೀಮೆಯನ್ನು ಅಳೆಯುವ ಕೆಲಸ ಅವರ ಪಾಲಿಗೆ ಬಂತು. ಅಳೆದು ಸುಮ್ಮನಾಗಲಿಲ್ಲ. ಕಾವಲಿ ವೆಂಕಟ ಬೋರಯ್ಯ, ಲಕ್ಷ್ಮಯ್ಯ ಮುಂತಾದ ಸಹಾಯಕರನ್ನು ಊರೂರಿಗೆ ಕಳುಹಿಸಿ, ಊರಿನ ಹಿರಿಯರು ಹೇಳಿದ ಸ್ಥಳಪುರಾಣ, ಹೆಸರಿನ ಕಥೆ, ಶಾಸನಗಳ ಪ್ರತಿ ಎಲ್ಲವನ್ನೂ ಬರೆಸಿಕೊಂಡರು. ಕೈಫಿಯತ್ತುಗಳು ಎಂದು ನಾವು ಓದುವುದು ಅವನ್ನೇ. 1815ರಲ್ಲಿ ಭಾರತದ ಮೊದಲ ಸರ್ವೇಯರ್ ಜನರಲ್ ಆದರು. ಹೆಸರುಗಳು ತುಂಬಿದ ಗುಡ್ಡಗಳ ನಡುವೆ ಬೆಳೆದವನಿಗೆ ನಮ್ಮ ಊರ ಹೆಸರುಗಳ ಮೇಲೆ ಆಸೆ ಹುಟ್ಟಿದ್ದು ಸಹಜ ಎಂದು ನನಗೆ ಅನ್ನಿಸುತ್ತದೆ, ಪುರಾವೆ ಕೇಳಬೇಡಿ. ಅವರ ಒಡೆಯರಾದ ಈಸ್ಟ್ ಇಂಡಿಯಾ ಕಂಪನಿಗೆ ಬೇಕಿದ್ದದ್ದು ಕಂದಾಯದ ಲೆಕ್ಕ ಎನ್ನುವುದನ್ನೂ ಮರೆಯಬೇಡಿ.

ಕೊಡಗಿನ ಕಾಫಿ

ಹೆಸರಿನ ಮಾತಿಗೆ ನನ್ನದೂ ಒಂದು. ಎತ್ತಿನಭುಜ, ಕುದುರೆಮುಖ, ನಾವೂ ಬೆಟ್ಟಕ್ಕೆ ಮೈಯ ಅಂಗಗಳನ್ನೇ ಹಚ್ಚುತ್ತೇವೆ. ಅಲ್ಲಿಯೂ ಹಾಗೆಯೇ?

ಶರಾವತಿ ತೀರದವಳು

ಹೌದು! ಸ್ರೋನ್ ಎಂದರೆ ಮೂಗು, ಗುಅಲನ್ ಭುಜ, ದ್ರುಯಿಮ್ ಬೆನ್ನು, ಕ್ಯಾನ್ ತಲೆ. ಕೊರೆ ಲಾಗನ್ ಮೇಲಿನ ದೊಡ್ಡ ಬಂಡೆಗೆ ‘ಸ್ರೋನ್ ನ ಕೀಹ್ಯ’ ಎಂದು ಹೆಸರು. ಮೊದಲ ಪದ ಮೂಗು ಎಂದು ವಿವರಿಸಿದ ಗೈಡ್ ಎರಡನೆಯ ಪದಕ್ಕೆ ಬಂದಾಗ ಸುಮ್ಮನೆ ಮುಂದೆ ನಡೆದರು. ಮನೆಗೆ ಬಂದು ನಿಘಂಟು ನೋಡಿದೆ. ಮೊಲೆ! ನಮ್ಮ ಊರಿನ ಹಿರಿಯರೂ ಹೀಗೆಯೇ ಮುಂದೆ ನಡೆಯುತ್ತಿದ್ದರು.

ಅಡುಗೆಮನೆ ಚಾರಣಿ

ನಡುವೆ ಬಂದದ್ದಕ್ಕೆ ಕ್ಷಮಿಸಿ. ಮುಂದಿನ ಬೇಸಿಗೆಯಲ್ಲಿ ಮಗಳ ಮನೆಗೆ ಹೋಗುತ್ತಿದ್ದೇನೆ, ಕೂಲಿನ್ ನೋಡುವ ಆಸೆ. ಹಗ್ಗವಿಲ್ಲದ ಬೆಟ್ಟ ಯಾವುದಾದರೂ ಇದೆಯೇ? ಇಂಬಳ ಇರುತ್ತದೆಯೇ?

ಎಡಿನ್‌ಬರೋ ಭಟ್ಟ

ಅಮ್ಮಾ, ಬ್ರೂಅಖ್ ನ ಫ್ರೀಹ್ಯ ಎಂಬುದು ಆ ಸಾಲಿನಲ್ಲಿ ಸುಲಭದ್ದು, 958 ಮೀಟರ್. ಸುಲಭ ಎಂದರೆ ಕೂಲಿನ್ ಲೆಕ್ಕದಲ್ಲಿ ಸುಲಭ, ಮಗಳು ಜೊತೆಗಿರಲಿ. ಕಣಿವೆಯ ಮೋಟಾರು ರಸ್ತೆಯಿಂದ ನೋಡಿ ಬಂದರೂ ನಷ್ಟವಿಲ್ಲ. ಇಂಬಳ ಇಲ್ಲ, ಆದರೆ ಮಿಜ್ ಎಂಬ ನುಸಿ ಗಾಳಿ ನಿಂತ ಕೂಡಲೇ ಮೋಡದಂತೆ ಮುತ್ತುತ್ತದೆ, ಮೇ ತಿಂಗಳಿನ ಮೊದಲೇ ಬಂದು ಹೋಗಿ. ಉಣುಗು ಇದೆ. ಮಂಗನ ಕಾಯಿಲೆ ತಾರದು, ಲೈಮ್ ಎಂಬ ಬೇರೆ ಕಾಯಿಲೆ ತರುತ್ತದೆ, ಸಂಜೆ ಮೊಣಕಾಲಿನ ಹಿಂದೆ ನೋಡಿಕೊಳ್ಳಿ. ಏನಾದರೂ ಹೆಚ್ಚುಕಡಿಮೆಯಾದರೆ 999ಕ್ಕೆ ಕರೆ ಮಾಡಿ, ಮೊದಲು ಪೊಲೀಸ್, ಆಮೇಲೆ ಪರ್ವತ ರಕ್ಷಣೆ ಎಂದು ಕೇಳಬೇಕು. ಬರುವವರು ಊರಿನ ಸ್ವಯಂಸೇವಕರು, ಹಣ ಪಡೆಯುವುದಿಲ್ಲ. ಸೀಟಿ ಇದ್ದರೆ ನಿಮಿಷಕ್ಕೆ ಆರು ಸಲ ಊದಿ ಒಂದು ನಿಮಿಷ ಬಿಟ್ಟು ಮತ್ತೆ ಊದಬೇಕು.

ಪುಷ್ಪಗಿರಿ ಹುಚ್ಚ

ನಿನ್ನೆಯಿಂದ ಈ ಚರ್ಚೆ ಓದುತ್ತಿದ್ದೇನೆ. ಒಂದು ವಿಷಯ ಹೇಳಬೇಕು.

ಏಳು ಸಲ ಎಂದೆನಲ್ಲ, ಅದರಲ್ಲಿ ಒಂದು ಸಲ ಶೇಷಪರ್ವತ ದಾಟಿದ ಮೇಲೆ ಮಂಜು ಬಂತು. ನಾಲ್ವರು ಹುಡುಗರು, ಗೈಡ್ ಇಲ್ಲ. ಒಬ್ಬ ಇಲ್ಲೇ ಕೂರೋಣ ಎಂದ, ನಾನು ಬೇಡ, ತುದಿ ಹತ್ತಿರವಿದೆ ಎಂದೆ. ಯಾವ ಕಡೆ ತುದಿ ಎಂದು ಯಾರಿಗೂ ಗೊತ್ತಿರಲಿಲ್ಲ. ಹುಲ್ಲಿನಲ್ಲಿ ಸುತ್ತಿ ಸುತ್ತಿ ಕಾಡಿನೊಳಗೆ ಇಳಿದು, ರಾತ್ರಿಯಿಡೀ ಒಂದು ಬಂಡೆಯ ಕೆಳಗೆ ಇಂಬಳ ಕೀಳುತ್ತಾ ಕೂತೆವು. ಒಬ್ಬನಿಗೆ ಬೆಳಗಿನ ಜಾವ ಮಾತು ತೊದಲುತ್ತಿತ್ತು. ನಿದ್ದೆಗಣ್ಣು ಎಂದು ನಕ್ಕಿದ್ದೆವು. ಭಟ್ಟರು ಬರೆದ ಮೇಲೆ ಅದೇನೆಂದು ಈಗ ಗೊತ್ತಾಯಿತು. ಮರುದಿನ ಊರಿನವರೊಬ್ಬರು ಸೊಪ್ಪಿಗೆ ಬಂದವರು ನಮ್ಮನ್ನು ಕಂಡು ಕೆಳಗೆ ಕರೆದುಕೊಂಡು ಹೋದರು. ಆ ಹಳ್ಳಕ್ಕೆ, ಆ ಬಂಡೆಗೆ ಅವರ ಬಾಯಲ್ಲಿ ಹೆಸರಿತ್ತು, ನಾನು ಕೇಳಿಟ್ಟುಕೊಳ್ಳಲಿಲ್ಲ.

ಹಾಗಾಗಿ ಆರು ಸಲ. ಆದರೂ ಹಣದ ವಿಷಯದಲ್ಲಿ ನಿಯಮ ಮೊದಲೇ ಬರೆದು ಕೊಡಬೇಕು ಎನ್ನುವ ನನ್ನ ಮಾತು ಹಾಗೆಯೇ ಇದೆ.

ಶರಾವತಿ ತೀರದವಳು

ತಮ್ಮಾ, ಬರೆದು ಕೊಟ್ಟಿದ್ದರು. ಇವತ್ತು ಹಳೆಯ ಮಿಂಚಂಚೆ ತೆಗೆದು ನೋಡಿದೆ. ನಾಲ್ಕನೆಯ ಪುಟದಲ್ಲಿ, ಹವಾಮಾನ ಕೆಟ್ಟರೆ ಗೈಡ್ ಮಾತೇ ಕೊನೆ, ಹಣ ವಾಪಸಿಲ್ಲ ಎಂದಿದೆ. ಒಪ್ಪಿದ್ದೇನೆ ಎಂದು ಗುರುತು ಹಾಕಿದ್ದು ನಾನೇ. ನಾಲ್ಕನೆಯ ಪುಟ ಯಾರು ಓದುತ್ತಾರೆ ಎಂದು ಕೇಳಬೇಡಿ.

ಸಿಟ್ಟು ಪೂರ್ತಿ ಇಳಿದಿಲ್ಲ. ಆದರೂ ಗೈಡ್‌ಗೆ ಬರೆದೆ. ಹಣದ ವಿಷಯ ಬರೆಯಲಿಲ್ಲ, ಸ್ಗೂರ್ ಬಿರಖ್ ಎಂಬ ಹಳೆಯ ಹೆಸರು ಗೊತ್ತೇ ಎಂದು ಕೇಳಿದೆ. ಎರಡು ಪುಟದ ಉತ್ತರ ಬಂತು! ಅವರ ಅಜ್ಜ ಯಾವ ಹಳ್ಳಕ್ಕೆ ಏನೆನ್ನುತ್ತಿದ್ದರು ಎಂಬುದೆಲ್ಲ ಇದೆ. ಕೊನೆಯಲ್ಲಿ, ಮೇ ತಿಂಗಳ ಎರಡನೆಯ ವಾರ ಮತ್ತೆ ಬಾ, ಮಂಜಿದ್ದರೆ ಮತ್ತೆ ಇಳಿಯೋಣ ಎಂದಿದ್ದಾರೆ. ಈ ಸಲ ಅರ್ಧ ಹಣವಂತೆ. ಹೋಗುತ್ತಿದ್ದೇನೆ.

ತೀರ್ಥಹಳ್ಳಿ ಮೇಷ್ಟ್ರು

ತಂಗೀ, ಹೋದಾಗ ಒಂದು ಉಪಕಾರ ಮಾಡು. ವಿಕ್ ಖೋನ್ಯಿಖ್ ಎಂದು ಬರೆದಿದ್ದೀಯಲ್ಲ, ಆ ಎರಡು ‘ಖ’ಗಳು ಒಂದೇ ಸದ್ದೋ, ಬೇರೆ ಬೇರೆಯೋ? ನನಗೆ ಎರಡನೆಯದು ಹಕಾರದ ಕಡೆಗೆ ವಾಲಬೇಕು ಎಂದು ಅನುಮಾನ. ಅವರ ಬಾಯಿಂದಲೇ ಹೇಳಿಸಿ ಮೊಬೈಲಿನಲ್ಲಿ ಹಿಡಿದು ಕಳುಹಿಸು.

ಶರಾವತಿ ತೀರದವಳು

ಖಂಡಿತ ಮೇಷ್ಟ್ರೇ. ನೆತ್ತಿಯ ಮೇಲೆಯೇ ಹೇಳಿಸುತ್ತೇನೆ. ಗಾಳಿಯಿದ್ದರೆ ಎಲ್ಲವೂ ಹಕಾರವೇ ಕೇಳಿಸೀತು.